ಕ್ವಾರಂಟೈನ್ ಟ್ಯಾಂಕ್ ಡೈರಿ: ಚುಕ್ಕೆ ಉದುರಿದ ಮೇಲೂ ಚಿಕಿತ್ಸೆ ನಿಲ್ಲಿಸಬೇಡಿ

ಭಾನುವಾರ

ಕುರ್ಲಾದ ಭಾನುವಾರದ ಮೀನು ಮಾರ್ಕೆಟ್ಟಿನಿಂದ ಮೂರು ಮರಿ ಏಂಜೆಲ್ ಮೀನು ತಂದೆ. ಡೊಂಬಿವಲಿ ತನಕ ಲೋಕಲ್‌ನಲ್ಲಿ ಕವರ್ ಎದೆಗೆ ಒತ್ತಿಕೊಂಡೇ ನಿಂತಿದ್ದೆ. ಹೊಸ ಮೀನು ಎಷ್ಟೇ ಚುರುಕಾಗಿದ್ದರೂ ಮೊದಲ ನಾಲ್ಕು ವಾರ ಅದಕ್ಕೆ ಬೇರೆ ಟ್ಯಾಂಕೇ. 40 ಲೀಟರ್ ನೀರು, ಒಂದು ಹೀಟರ್, ದೊಡ್ಡ ಟ್ಯಾಂಕಿನಲ್ಲಿ ಪಳಗಿದ, ಅಂದರೆ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಆಗಲೇ ನೆಲೆಸಿದ ಸ್ಪಾಂಜ್ ಫಿಲ್ಟರ್. ಕೆಳಗೆ ಕಲ್ಲಿಲ್ಲ, ಮರಳಿಲ್ಲ, ಬರೀ ಗಾಜು. ಕವರಿನ ನೀರನ್ನು ಟ್ಯಾಂಕಿಗೆ ಸುರಿಯಲಿಲ್ಲ, ಮೀನನ್ನು ಮಾತ್ರ ಬಿಟ್ಟೆ.

ಮಂಗಳವಾರ

ಮೊದಲು ಗಮನಿಸಿದ್ದು ಅಮ್ಮ. "ನೋಡೋ, ಆ ಕಪ್ಪು ಪಟ್ಟೆಯದ್ದು ಊಟಕ್ಕೆ ಬರಲೇ ಇಲ್ಲ" ಅಂದರು. ಹತ್ತಿರ ಕೂತು ನೋಡಿದೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಕಿವಿರು ಬೇಗಬೇಗ ಬಡಿಯುತ್ತಿತ್ತು. ಆಗಾಗ ಓರೆಯಾಗಿ ನುಗ್ಗಿ ಹೀಟರಿಗೆ ಮೈ ಉಜ್ಜುತ್ತಿತ್ತು. ಮೈಮೇಲೆ ಒಂದು ಗುರುತೂ ಇಲ್ಲ.

ಈ ಹೊತ್ತಿನಲ್ಲಿ ಔಷಧಿ ಬಾಟಲಿಗೆ ಕೈ ಹೋಗಬಾರದು. ಮೀನಿನ ಕೊಳೆಯಿಂದ ನೀರಿಗೆ ಸೇರುವ ಅಮೋನಿಯಾದಿಂದಲೂ ಇದೇ ಲಕ್ಷಣಗಳು ಬರುತ್ತವೆ, ನಲ್ಲಿ ನೀರಿನ ಕ್ಲೋರಿನ್‌ನಿಂದಲೂ. ಕೆಟ್ಟ ನೀರಿನಲ್ಲಿ ಸೋತ ಮೀನಿಗೆ ಔಷಧಿ ಇನ್ನೊಂದು ಹೊರೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ 0.25 ಪಿಪಿಎಂ (ಲೀಟರಿಗೆ 0.25 ಮಿಲಿಗ್ರಾಂ) ತೋರಿಸಿತು. ಇರಬೇಕಾದದ್ದು ಸೊನ್ನೆ. ಮೂರನೇ ಒಂದು ಪಾಲು ನೀರು ಬದಲಿಸಿದೆ. ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗಿನ ನೀರಿಗೆ ಬ್ಲೀಚಿಂಗ್ ವಾಸನೆ ಜಾಸ್ತಿ, ಹಾಗಾಗಿ ಆಂಟಿ-ಕ್ಲೋರಿನ್ ಹಾಕದೆ ಒಂದು ಮಗ್ ನೀರೂ ಒಳಗೆ ಹೋಗುವುದಿಲ್ಲ. ಹೊಸ ನೀರು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಬೇಕು.

ಬುಧವಾರ

ಅಮೋನಿಯಾ ಸೊನ್ನೆಗೆ ಬಂತು. ಮೈ ಉಜ್ಜುವುದು ಮಾತ್ರ ನಿಲ್ಲಲಿಲ್ಲ. ಸಂಜೆ ಬಾಲದ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಕತ್ತಲಲ್ಲಿ ಓರೆಯಾಗಿ ಟಾರ್ಚ್ ಬಿಟ್ಟು ನೋಡಿದೆ. ಹಳದಿ ಧೂಳಿನ ಹಾಗೆ ಮಿನುಗಿದರೆ ಅದು ವೆಲ್ವೆಟ್, ಬೇರೆ ರೋಗ. ಇವು ಬಿಡಿಬಿಡಿಯಾದ, ಉಬ್ಬಿದ ಚುಕ್ಕೆಗಳು. ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಗೋಲ್ಡ್‌ಫಿಶ್ ಸಾಕುವವರಿಗೆ ಒಂದು ಮಾತು: ಮೊಟ್ಟೆ ಇಡುವ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ನ ಕಿವಿರು ಮುಚ್ಚಳದ ಮೇಲೆ, ಎದೆ ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆ ಸಾಲಾಗಿ ಮೂಡುತ್ತವೆ. ಅದು ರೋಗವಲ್ಲ, ಸುಮ್ನೆ ಔಷಧಿ ಸುರಿಯಬೇಡಿ.

ಗುರುವಾರ

ನೀರಿನ ಬಿಸಿಯನ್ನು 27ರಿಂದ 30 ಡಿಗ್ರಿಗೆ ಒಂದೊಂದೇ ಡಿಗ್ರಿ ಏರಿಸುತ್ತಿದ್ದೇನೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೆ ಗಾಳಿ ಗುಳ್ಳೆ ಬಿಡುವ ಎರಡನೇ ಏರ್‌ಸ್ಟೋನ್ ಹಾಕಿದೆ. ಕರೆಂಟ್ ಹೋದರೆ ಇರಲಿ ಅಂತ ಬ್ಯಾಟರಿ ಏರ್‌ಪಂಪ್ ಪಕ್ಕದಲ್ಲೇ ಇದೆ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 80 ಗ್ರಾಂ ಕಲ್ಲುಪ್ಪು. ಅದನ್ನೂ ಒಂದೇ ಸಲ ಅಲ್ಲ, ಮಗ್‌ನಲ್ಲಿ ಕರಗಿಸಿ ಮೂರು ಪಾಲು ಮಾಡಿ ಹಾಕಿದೆ. ದೊಡ್ಡ ಟ್ಯಾಂಕಿನಲ್ಲಿ ಉಪ್ಪು ಅಷ್ಟಾಗಿ ತಡೆಯದ ಕೋರಿ ಮೀನುಗಳಿವೆ (ತಳದಲ್ಲಿ ಓಡಾಡುವ ಸಣ್ಣ ಮೀನು), ಗಿಡಗಳಿವೆ. ಅಲ್ಲಿ ಇಷ್ಟು ಉಪ್ಪು ಹಾಕಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಇಕ್‌ಗೆ ಹಾಕುವ ಔಷಧಿ ಮಲಕೈಟ್ ಗ್ರೀನ್ ತಂದಿಟ್ಟಿದ್ದೇನೆ, ಇನ್ನೂ ತೆರೆದಿಲ್ಲ. ಉಪ್ಪು, ಬಿಸಿಗೆ ಬಗ್ಗದಿದ್ದರೆ ಮಾತ್ರ. ಅದನ್ನು ಹಾಕುವಾಗ ಕೈಗವಸು ಬೇಕೇ ಬೇಕು, ಫಿಲ್ಟರಿನಲ್ಲಿ ಇದ್ದಿಲು ಇರಬಾರದು. ಇದ್ದರೆ ಔಷಧಿಯನ್ನು ಅದೇ ಹೀರಿಬಿಡುತ್ತದೆ.

ಶನಿವಾರ

ಚುಕ್ಕೆಗಳೆಲ್ಲ ಮಾಯ. ಅಮ್ಮನಿಗೆ ಖುಷಿ, "ವಾಸಿಯಾಯ್ತಲ್ಲ" ಅಂದರು. ಆದರೆ ಅಪಾಯ ಇರುವುದೇ ಈಗ. ಚುಕ್ಕೆ ಅಂದರೆ ಮೀನಿನ ಚರ್ಮದೊಳಗೆ ಕೂತು ಬೆಳೆಯುವ ಪರಾವಲಂಬಿ ಜೀವಿ. ಅಲ್ಲಿ ಇರುವ ತನಕ ಅದಕ್ಕೆ ಉಪ್ಪೂ ತಾಗುವುದಿಲ್ಲ, ಔಷಧಿಯೂ ತಾಗುವುದಿಲ್ಲ. ಬಲಿತ ಮೇಲೆ ಉದುರಿ ತಳಕ್ಕೆ ಅಂಟಿಕೊಳ್ಳುತ್ತದೆ. ಸುತ್ತ ಒಂದು ಕೋಶ ಕಟ್ಟಿಕೊಂಡು ಒಳಗೇ ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಈಜಿ ಹೊರಟು ಸುಮಾರು ಎರಡು ದಿನದೊಳಗೆ ಮೀನು ಹಿಡಿಯಬೇಕು, ಇಲ್ಲದಿದ್ದರೆ ಸಾಯುತ್ತವೆ. ನಮ್ಮ ಚಿಕಿತ್ಸೆ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. 25 ಡಿಗ್ರಿಯಲ್ಲಿ ಇಡೀ ಚಕ್ರಕ್ಕೆ ಹೆಚ್ಚುಕಡಿಮೆ ಒಂದು ವಾರ ಬೇಕು. ಬಿಸಿ ಏರಿಸಿದರೆ ಚಕ್ರ ಬೇಗ ತಿರುಗುತ್ತದೆ, ಮರಿಗಳು ಬೇಗ ಹೊರಬಂದು ಉಪ್ಪಿಗೆ ಸಿಗುತ್ತವೆ. ಚುಕ್ಕೆ ಹೋಯ್ತು ಅಂತ ಇವತ್ತು ನಿಲ್ಲಿಸಿದರೆ, ಮುಂದಿನ ವಾರ ಹತ್ತು ಚುಕ್ಕೆ ಇದ್ದಲ್ಲಿ ಮೈತುಂಬ ಆಗಬಹುದು.

ಹಾಗಾಗಿ ದಿನಾ ಸಣ್ಣ ಪೈಪಿನಿಂದ ತಳದ ಗಾಜನ್ನು ಇಂಚಿಂಚಾಗಿ ಹೀರಿ 10 ಲೀಟರ್ ನೀರು ತೆಗೆಯುತ್ತೇನೆ. ಅಂಟಿಕೊಂಡ ಕೋಶಗಳೂ ಒಂದಷ್ಟು ಹೋಗುತ್ತವೆ. ತಳ ಬರಿದಾಗಿ ಇಟ್ಟಿದ್ದೇ ಇದಕ್ಕೆ. ಹೊಸ 10 ಲೀಟರಿಗೆ ಮತ್ತೆ 20 ಗ್ರಾಂ ಉಪ್ಪು. ಬಲೆ, ಬಕೆಟ್, ಪೈಪ್ ಎಲ್ಲ ಈ ಟ್ಯಾಂಕಿಗೇ ಮೀಸಲು. ಒದ್ದೆ ಬಲೆಯಿಂದಲೇ ರೋಗ ದೊಡ್ಡ ಟ್ಯಾಂಕಿಗೆ ದಾಟಬಹುದು.

ಮುಂದಿನ ವಾರದ ಕೊನೆ

ಹೊಸ ಚುಕ್ಕೆ ಇಲ್ಲ. ಮೂರೂ ಊಟಕ್ಕೆ ಓಡಿ ಬರುತ್ತಿವೆ, ಬೆನ್ನಿನ ರೆಕ್ಕೆ ನೆಟ್ಟಗಿದೆ. ಇನ್ನೂ ಕೆಲವು ದಿನ 30 ಡಿಗ್ರಿ, ಉಪ್ಪು ಎರಡೂ ಹೀಗೇ ಇರಲಿ. ಆಮೇಲೆ ನೀರು ಬದಲಿಸುತ್ತಾ ಉಪ್ಪು ಇಳಿಸುತ್ತೇನೆ, ಬಿಸಿಯನ್ನೂ ನಿಧಾನವಾಗಿ ಇಳಿಸುತ್ತೇನೆ. ನಾಲ್ಕು ವಾರದ ಲೆಕ್ಕವನ್ನು ಉಪ್ಪು ಪೂರ್ತಿ ಹೋದ ದಿನದಿಂದ ಹೊಸದಾಗಿ ಶುರು ಮಾಡುತ್ತೇನೆ.

ಕಪ್ಪು ಪಟ್ಟೆಯದರ ಬಾಲದ ತುದಿ ಸ್ವಲ್ಪ ಹರಿದಿದೆ. ಅಂಚು ಬಿಳಿಯಾಗಿ ಅಥವಾ ಕೆಂಪಾಗಿ ತಿನ್ನುತ್ತಾ ಬಂದರೆ ಫಿನ್ ರಾಟ್ (ರೆಕ್ಕೆ ಕೊಳೆಯುವ ರೋಗ) ಅಂತ ಅನುಮಾನ ಪಡಬೇಕು. ಸದ್ಯಕ್ಕೆ ಅಂಚು ಸ್ವಚ್ಛವಾಗಿದೆ, ಪಾರದರ್ಶಕವಾದ ಹೊಸ ಪೊರೆ ಬೆಳೆಯುತ್ತಿದೆ. ಆಂಟಿಬಯಾಟಿಕ್ ಹಾಕುತ್ತಿಲ್ಲ.