ಪುಸ್ತಕ ಇಲ್ದೆ ಹೆಂಗೆ ಆನ್ ಮಾಡಿದ್ರಿ?

ನನ್ನ ಟಿವಿ ರಿಪೇರಿ ಅಂಗಡಿಯ ಶೋಕೇಸಿನಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಬಿಬಿಸಿ ಮೈಕ್ರೋ, ಮಾಡೆಲ್ ಬಿ. ಕೆನೆ ಬಣ್ಣದ ಡಬ್ಬ, ಕಪ್ಪು ಕೀಗಳು, ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀ. 1998ರಲ್ಲಿ ಗುಜರಿಯಿಂದ ತಂದಿದ್ದು. ಜೊತೆಗೆ ಪುಸ್ತಕ ಇರಲಿಲ್ಲ, ಸರ್ಕ್ಯೂಟ್ ಡಯಾಗ್ರಾಂ ಇರಲಿಲ್ಲ, ಪ್ಲಗ್ ಕೂಡ ಇರಲಿಲ್ಲ. ವೈರನ್ನು ಯಾರೋ ಕತ್ತರಿಸಿಕೊಂಡಿದ್ದರು. ಈಗಲೂ ಓಡುತ್ತದೆ. ನೋಡಿದವರೆಲ್ಲ ಕೇಳುವುದು ಒಂದೇ. "ಪುಸ್ತಕ ಇಲ್ದೆ ಹೆಂಗೆ ಆನ್ ಮಾಡಿದ್ರಿ?"

ಮೊದಲೆಲ್ಲ ಟೀ ತರಿಸಿ, ಕೂರಿಸಿ ಹೇಳುತ್ತಿದ್ದೆ. ಈಗ ಟೀ ದುಬಾರಿಯಾಗಿದೆ, ನನ್ನ ತಾಳ್ಮೆಯೂ ಕಮ್ಮಿಯಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಬರೆಯೋ ಹಾಗೆ ಮಾಡಿದ್ದು ಒಂದು ಮದುವೆ ಊಟ. ಪಕ್ಕದ ಎಲೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಹೆಣ್ಣಿನ ಕಡೆಯವನು. ಯಾರೋ ನನ್ನ ಕಂಪ್ಯೂಟರಿನ ಮಾತು ತೆಗೆದರು. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಓ, ಸುಮ್ನೆ ಅಂದಾಜಿನ ಮೇಲೆ ಟ್ರೈ ಮಾಡಿದ್ರಿ, ಲಕ್ ಚೆನ್ನಾಗಿತ್ತು, ಅಲ್ವಾ ಅಂಕಲ್?" ಎಂದ. ನಾನು ಹೂಂ ಅಂದೆ. ಊಟದ ಪಂಕ್ತಿಯಲ್ಲಿ ಜಗಳ ಆಡಬಾರದು. ಆದರೆ ಆ ಹೋಳಿಗೆ ಇವತ್ತಿಗೂ ಅರಗಿಲ್ಲ.

ಲಕ್ ಅಂತೆ. ನಾನು ಆ ಹೊತ್ತಿಗೆ ಹದಿನಾಲ್ಕು ವರ್ಷ ಟಿವಿ ಬಿಚ್ಚಿದ್ದೆ. ಯಾವ ಟಿವಿ ಜೊತೆಗೆ ಯಾರು ಪುಸ್ತಕ ತಂದುಕೊಟ್ಟಿದ್ದರು? "ಕ್ರಿಕೆಟ್ ಮ್ಯಾಚ್ ಇದೆ, ಸಂಜೆಯೊಳಗೆ ಬೇಕು" ಅಂತ ಮಾತ್ರ ಹೇಳಿ ಹೋಗುತ್ತಿದ್ದರು.

ಸರಿ, ಹೇಳಿಬಿಡುತ್ತೇನೆ. ಮೊದಲಿಗೆ, ಪುಸ್ತಕ ಪೂರ್ತಿ ಇರಲಿಲ್ಲ ಅನ್ನುವುದೇ ಸುಳ್ಳು. ಡಬ್ಬದ ಹಿಂದೆ ಪ್ರತಿ ಕಿಂಡಿಗೂ ಹೆಸರು ಬರೆದಿದ್ದರು. ಅದರಲ್ಲಿ ಒಂದು 'ಯುಎಚ್‌ಎಫ್ ಔಟ್', ಅಂದರೆ ಟಿವಿಗೆ ಚಿತ್ರ ಕಳಿಸುವ ಕಿಂಡಿ. ಟಿವಿ ಮೆಕ್ಯಾನಿಕ್‌ಗೆ ಇನ್ನೇನು ಬೇಕು? ಬಿಚ್ಚಬೇಕಾದ ನಾಲ್ಕು ಸ್ಕ್ರೂಗಳ ಪಕ್ಕದಲ್ಲಂತೂ 'ಫಿಕ್ಸ್' ಅಂತಲೇ ಇತ್ತು. ಆಯ್ತಪ್ಪ ಅಂದುಕೊಂಡೆ.

ಒಳಗೆ ಸ್ವಿಚ್ ಮೋಡ್ ಪವರ್ ಸಪ್ಲೈ. ಕಲರ್ ಟಿವಿಯಲ್ಲಿ ಇರುವಂಥದ್ದೇ. ಹೊರಗೆ ಬರುವ ವೈರಿಗೆ ಮೀಟರ್ ಹಿಡಿದೆ. 5 ವೋಲ್ಟ್ ಸರಿಯಾಗಿತ್ತು. ಖುಷಿಯಾಗಿ ಬೋರ್ಡಿಗೆ ಕೊಟ್ಟೆ. ಐದು ನಿಮಿಷಕ್ಕೆ ಪಟ್ ಅಂತ ಸದ್ದು, ಆಮೇಲೆ ಹೊಗೆ. ಎಂಥ ನಾತ ಅಂತೀರಿ! ಪಕ್ಕದ ಟೈಲರ್ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಓಡಿ ಬಂದ. ಹೋದದ್ದು ಕರೆಂಟ್ ಒಳಬರುವ ಜಾಗದಲ್ಲಿ ಕೂತ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದರ ಮೈ ವರ್ಷ ಕಳೆದ ಹಾಗೆ ಬಿರುಕು ಬಿಡುತ್ತದೆ, ತೇವ ಕುಡಿಯುತ್ತದೆ, ಒಂದು ದಿನ ಸಿಡಿಯುತ್ತದೆ. ನಮ್ಮ ಸಾಗರದ ಮಳೆಗೆ ಕೇಳಬೇಕೆ? ಸತ್ತ ಟಿವಿಯೊಂದರಿಂದ ಅದೇ ಅಳತೆಯದು ಕಿತ್ತು ಹಾಕಿದೆ.

ಆಮೇಲೆ ಶುರುವಾಯಿತು ನೋಡಿ. ಆನ್ ಮಾಡಿದರೆ "ಬೂ..." ಅಂತ ಒಂದೇ ಸಮನೆ ಸದ್ದು. ನಿಲ್ಲುವುದೇ ಇಲ್ಲ. ಟಿವಿಯಲ್ಲಿ ಚಿತ್ರ ಇಲ್ಲ. ಟೈಲರ್, "ಎಸೀರಿ ಅದನ್ನ" ಎಂದ. ನನಗೆ ಮಾತ್ರ ಆ ಸದ್ದು ಕೇಳಿ ಧೈರ್ಯ ಬಂತು. ಒಲೆ ಮೇಲೆ ಹಾಲು ಉಕ್ಕುತ್ತಿದ್ದರೆ ಬೆಂಕಿ ಇದೆ, ಹಾಲೂ ಇದೆ, ಮುಂದೆ ನಿಲ್ಲಬೇಕಾದವರು ಮಾತ್ರ ಇಲ್ಲ ಅಂತ ಅರ್ಥ. ಇದೂ ಹಾಗೇ. ಸದ್ದು ನಿಲ್ಲಿಸಬೇಕಾದವನು ಎದ್ದಿಲ್ಲ. ಎಷ್ಟೋ ವರ್ಷ ಆದ ಮೇಲೆ ತಿಳಿಯಿತು, ವಿಷಯ ಅಕ್ಷರಶಃ ಅದೇ. ಕರೆಂಟ್ ಬಂದ ತಕ್ಷಣ ಸೌಂಡ್ ಚಿಪ್ ತಾನಾಗಿ ಕೂಗುತ್ತದೆ. ಕಂಪ್ಯೂಟರಿನ ಮೆದುಳು, ಅಂದರೆ 6502 ಅನ್ನುವ ಪ್ರೊಸೆಸರ್, ಎದ್ದು ಅದರ ಬಾಯಿ ಮುಚ್ಚಿಸಬೇಕು.

ದೊಡ್ಡ ಚಿಪ್‌ಗಳೆಲ್ಲ ಸಾಕೆಟ್ಟಿನಲ್ಲಿದ್ದವು. ಒಂದೊಂದನ್ನೇ ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದೆ. ಕಾಲುಗಳು ಕಪ್ಪಗಾಗಿದ್ದವು. ಮಗಳ ಕಂಪಾಸ್ ಬಾಕ್ಸಿನಿಂದ ರಬ್ಬರ್ ಕದ್ದು ಪ್ರತಿ ಕಾಲನ್ನೂ ಉಜ್ಜಿದೆ. ಯಾವುದು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಅಂತ ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡೆ. ಅಂದಾಜಿನ ಮೇಲೆ ಕೆಲಸ ಮಾಡುವವನು ಹೀಗೆ ಬರೆದುಕೊಳ್ಳುತ್ತಾನಾ, ತಮ್ಮಾ? ಎರಡು ರಾತ್ರಿ ಹಿಡಿಯಿತು.

ಮೂರನೇ ರಾತ್ರಿ ಸದ್ದು ನಿಂತಿತು. "ಬೂ-ಬೀಪ್." ವಿಡಿಯೋ ಗೇಮಿನ ಕೇಬಲ್ ಹಾಕಿ, ಯುಎಚ್‌ಎಫ್‌ನಲ್ಲಿ ಟ್ಯೂನ್ ಮಾಡುತ್ತಾ ಹೋದರೆ 36ನೇ ಚಾನೆಲಿನ ಹತ್ತಿರ ಕಪ್ಪು ಪರದೆ, ಬಿಳಿ ಅಕ್ಷರ. 'ಬಿಬಿಸಿ ಕಂಪ್ಯೂಟರ್ 32ಕೆ'. ಅದರ ಕೆಳಗೆ ಒಂದೇ ಪದ: 'ಲ್ಯಾಂಗ್ವೇಜ್?'

ಮುಂದೆ ಪ್ರಶ್ನೆ ಚಿಹ್ನೆ ಬೇರೆ. ರಾತ್ರಿ ಹನ್ನೊಂದೂವರೆ. ಕಂಪ್ಯೂಟರ್ ನನ್ನನ್ನು ಯಾವ ಭಾಷೆ ಅಂತ ಕೇಳುತ್ತಿದೆ! ಇಂಗ್ಲಿಷ್ ಅಂತ ಟೈಪ್ ಮಾಡಿದೆ. ಒಂದಕ್ಷರವೂ ಮೂಡಲಿಲ್ಲ. ಕನ್ನಡ ಅಂತ ಹೊಡೆದೆ. ಯಾಕೆ ಬಿಡಬೇಕು? ಅದೂ ಇಲ್ಲ. ಸರ್ಕಾರದ್ದಲ್ವಾ ಅಂತ ಹಿಂದಿಯನ್ನೂ ಹೊಡೆದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ತುಳು ಕೂಡ ಹೊಡೆದೆ.

ಅದು ಕೇಳುತ್ತಿದ್ದುದು ಬೇಸಿಕ್ ಭಾಷೆಯನ್ನು, ಅಂದರೆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಭಾಷೆಯನ್ನು. ಅದು ರೋಮ್ ಅನ್ನುವ, ಕರೆಂಟ್ ಹೋದರೂ ಬರೆದದ್ದು ಅಳಿಸದ ಚಿಪ್ಪಿನೊಳಗೆ ಕೂತಿರುತ್ತದೆ. ಆ ಚಿಪ್ ಸಿಗದಿದ್ದರೆ ಯಂತ್ರ ಹೀಗೆ ಕೇಳಿ ಸುಮ್ಮನಾಗುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಏನೋ ಒಂದು ಇಲ್ಲ ಅಂತ ಅದು ಹೇಳುತ್ತಿದೆ. ಬಿಟ್ಟುಹೋಗಿದ್ದರೆ ಬಿಟ್ಟವನು ನಾನೇ. ಟಾರ್ಚ್ ಹಿಡಿದು ಸಾಕೆಟ್ಟಿನ ಅಂಚುಗಳನ್ನು ನೋಡಿದೆ. ಒಂದು ಚಿಪ್ಪಿನ ಕಾಲು ಒಳಗೆ ಹೋಗದೆ ಹೊಟ್ಟೆಯಡಿಗೆ ಮಡಿಚಿಕೊಂಡಿತ್ತು, ಚಳಿಗೆ ಮುದುಡಿದ ಬೆಕ್ಕಿನ ಹಾಗೆ. ಮುರಿದರೆ ಕಥೆ ಮುಗಿಯಿತು. ಉಸಿರು ಬಿಗಿಹಿಡಿದು ಚಿಮಟದಲ್ಲಿ ನೇರ ಮಾಡಿ ಕೂರಿಸಿದೆ. ಈ ಸಲ 'ಬೇಸಿಕ್' ಅಂತ ಬಂತು. ಕೆಳಗೆ ಬಾಣದ ಗುರುತು, ಪಕ್ಕದಲ್ಲಿ ಮಿಟುಕುವ ಗೆರೆ. ಹೆಲ್ಪ್ ಅಂತ ಟೈಪ್ ಮಾಡಿದೆ. 'ಮಿಸ್ಟೇಕ್' ಎಂದಿತು. ಬೇರೆ ಕಂಪ್ಯೂಟರ್ ಸಿಂಟ್ಯಾಕ್ಸ್ ಎರರ್ ಅಂತೆಲ್ಲ ಅನ್ನುತ್ತವೆ. ಇದು ಕನ್ನಡಕದ ಮೇಲಿಂದ ನೋಡುವ ಮೇಷ್ಟ್ರ ಹಾಗೆ, ಬರೀ ತಪ್ಪು ಅಂದುಬಿಟ್ಟಿತು.

ಇಷ್ಟೇ. ಆಮೇಲೆ ಇಂಟರ್ನೆಟ್ ಬಂದು ಇದರ ಐನೂರು ಚಿಲ್ಲರೆ ಪುಟದ ಪುಸ್ತಕ ಪುಕ್ಕಟೆ ಸಿಕ್ಕಿತು. ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

"32ಕೆಯಲ್ಲಿ ಏನು ಮಾಡೋಕಾಗುತ್ತೆ?" ಅನ್ನುವವರೂ ಇದ್ದಾರೆ. 32ಕೆ ಅಂದರೆ ಇದರ ಮೆಮೊರಿ, 32 ಕಿಲೋಬೈಟ್. ನೀವು ಬೆಳಿಗ್ಗೆ ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿ ಇದರಲ್ಲಿ ಹಿಡಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಇದನ್ನು ಮಾಡಿದ ಏಕಾರ್ನ್ ಕಂಪನಿಯವರೇ ಮುಂದೆ ಆರ್ಮ್ ಚಿಪ್ ಮಾಡಿದರು. 1985ರ ಏಪ್ರಿಲ್‌ನಲ್ಲಿ ಅದು ಮೊದಲ ಸಲ ಓಡಿದ್ದು ಒಂದು ಬಿಬಿಸಿ ಮೈಕ್ರೋಗೆ ತಗುಲಿಸಿದಾಗ. ಇವತ್ತಿನ ಮೊಬೈಲ್ ಫೋನುಗಳು ಓಡುವುದು ಆರ್ಮ್ ಜಾತಿಯ ಚಿಪ್ಪಿನ ಮೇಲೆಯೇ. ಆ ಸಾಫ್ಟ್‌ವೇರ್ ಹುಡುಗನ ಎಲೆಯ ಪಕ್ಕ ಇಟ್ಟಿದ್ದ ಫೋನ್ ಇದರ ಮೊಮ್ಮಗ. ಅವತ್ತು ಊಟ ಮುಗಿಸಿ ಕೈ ತೊಳೆಯುವಾಗ ನೆನಪಾಯಿತು ಈ ಮಾತು.

ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಇದು ಯಾರದ್ದಾಗಿತ್ತು?

1984ರಲ್ಲಿ ಸರ್ಕಾರ ಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಕ್ಲಾಸ್ ಅಂತ ಒಂದು ಯೋಜನೆ ತಂದಿತು. ದೇಶದ ಸುಮಾರು 250 ಹೈಸ್ಕೂಲುಗಳಲ್ಲಿ ಅದು ಶುರುವಾಯಿತು. ಕೊಟ್ಟಿದ್ದು ಇದೇ ಬಿಬಿಸಿ ಮೈಕ್ರೋ. ನನ್ನದು ಅಂಥ ಒಂದು ಸ್ಕೂಲಿನಿಂದ ಬಂದಿದ್ದು ಅಂತ ಗುಜರಿಯವನು ಹೇಳಿದ. ತೂಕಕ್ಕೆ ಹಾಕಿ 40 ರೂಪಾಯಿ ತಗೊಂಡ. ಕೀಬೋರ್ಡ್ ಹೊಸದರ ಹಾಗಿತ್ತು. ಹದಿಮೂರು ಹದಿನಾಲ್ಕು ವರ್ಷದ ಯಂತ್ರ, ಒಂದು ಕೀಯೂ ಸವೆದಿರಲಿಲ್ಲ. ನನ್ನ ಅಂಗಡಿಯ ರಿಮೋಟ್ ಒಂದು ವರ್ಷಕ್ಕೆ ಬೋಳಾಗುತ್ತದೆ. ಆ ಕಾಲದ ಕಂಪ್ಯೂಟರ್ ರೂಮು ನೆನಪಿದೆಯಾ? ಚಪ್ಪಲಿ ಹೊರಗೆ, ಬಾಗಿಲಿಗೆ ಬೀಗ, ಮಿಷಿನ್ನಿಗೆ ಹೊದಿಕೆ. ಇನ್ಸ್‌ಪೆಕ್ಟರ್ ಬಂದಾಗ ಹೊದಿಕೆ ತೆಗೆಯುವುದು, ಹೋದ ಮೇಲೆ ಮತ್ತೆ ಹಾಕುವುದು. ಮುಟ್ಟಬಾರದು, ಕೆಡುತ್ತದೆ. ನನ್ನ ಕೈಗೆ ಬಂದಾಗ ಕೆಟ್ಟೇ ಇತ್ತು.

ಆದರೆ ಕೀಬೋರ್ಡ್ ಎತ್ತಿದಾಗ ಅದರಡಿ ಒಂದು ಹುಣಸೆ ಬೀಜ ಸಿಕ್ಕಿತು. ಚೀಪಿ ನುಣ್ಣಗೆ ಮಾಡಿದ್ದು. ಯಾವುದೋ ಮಗು ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡೇ ಆ ರೂಮಿಗೆ ನುಗ್ಗಿ ಇದರ ಮುಂದೆ ಕೂತಿದೆ. ಮೇಷ್ಟ್ರು ಬಂದಿರಬೇಕು, ಬೀಜ ಉಗುಳಲು ಜಾಗ ಸಿಕ್ಕದೆ ಕೀಗಳ ಸಂದಿಯಲ್ಲಿ ತುರುಕಿದೆ. ಅದು ಏನು ಟೈಪ್ ಮಾಡಿತೋ. ಇದು ಅದಕ್ಕೂ 'ಮಿಸ್ಟೇಕ್' ಅಂದಿತೋ ಏನೋ.

ಎಲ್ಲ ಕ್ಲೀನ್ ಮಾಡಿ ಮುಚ್ಚುವ ಮೊದಲು ಬೀಜವನ್ನು ಅಲ್ಲೇ ಹಾಕಿ ಸ್ಕ್ರೂ ಬಿಗಿ ಮಾಡಿದೆ. ಎತ್ತಿದರೆ ಒಳಗೆ ಲೊಟಕ್ ಅನ್ನುತ್ತದೆ. ಏನೋ ಲೂಸ್ ಆಗಿದೆ ಅಂತ ನನಗೆ ಹೇಳಲು ಬರಬೇಡಿ.