ಪಿಟಿಟಿ ಒತ್ತಿದರೆ ಕೂಗುವ ಸೈರನ್: ಜಿನ್ನಿಂಗ್ ಮಿಲ್ ಜೀಪಿನ ರಿಪೇರಿ ದಾಖಲೆ, ದಾವಣಗೆರೆ

ಗಾಡಿ: ಹತ್ತಿ ಜಿನ್ನಿಂಗ್ ಮಿಲ್ಲಿನ ಬೆಂಕಿ ನಂದಿಸುವ ಜೀಪು, 12 ವೋಲ್ಟ್. ಅದರಲ್ಲಿ 25 ವ್ಯಾಟ್ ವಿಎಚ್‌ಎಫ್ ವೈರ್‌ಲೆಸ್ ಸೆಟ್, 100 ವ್ಯಾಟ್ ಸೈರನ್, 11 ಓಮ್ ಹಾರ್ನ್ ಸ್ಪೀಕರ್. ಗೋದಾಮಿನೊಳಗೆ ಹೋದವರನ್ನು ಹೊರಗೆ ಕರೆಯಲು ವಾಕಿ-ಟಾಕಿಯಲ್ಲಿ ಅಂಕಿ ಒತ್ತಿದರೆ ಸೈರನ್ ಕೂಗಬೇಕು. ಸೆಟ್ಟಿನ ಆಡಿಯೋದಲ್ಲಿ ಬರುವ ಡಿಟಿಎಂಎಫ್ ಸ್ವರವನ್ನು (ಅಂಕಿಗೊಂದರಂತೆ ಬರುವ ಜೋಡಿ ಸ್ವರ) ಎಂಟಿ8870 ಐಸಿ ಗುರುತಿಸುತ್ತದೆ, ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು ಸೈರನ್ ಚಾಲೂ ಮಾಡುವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಎಳೆಯುತ್ತದೆ.

ದೂರು ಎರಡು. ಜೀಪಿನ ಮೈಕಿನಲ್ಲಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಸಾಕು, ಸೈರನ್ ತಾನಾಗಿ ಕಿರುಚುತ್ತದೆ. ಎಂಜಿನ್ ಆಫ್ ಇರುವಾಗ ಚಾಲೂ ಮಾಡಿದ ಸೈರನ್ ವಾಕಿ-ಟಾಕಿಯಿಂದ ನಿಲ್ಲುವುದೇ ಇಲ್ಲ.

ಮೊದಲ ದಿನ

ಹಾರ್ನ್ ಸ್ಪೀಕರ್ ಬಿಚ್ಚಿ, 10 ಓಮ್ 100 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್ ಹಾಕಿದ್ದಾಯಿತು. ಇಲ್ಲದಿದ್ದರೆ ಪಿ.ಬಿ. ರಸ್ತೆಯ ಗಾಡಿಗಳೆಲ್ಲ ದಾರಿ ಬಿಡಲು ಶುರುಮಾಡುತ್ತವೆ. ರೆಸಿಸ್ಟರ್ ಬೇಗ ಕಾಯುತ್ತದೆ, ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಓಡಿಸಬಾರದು.

ಆಂಟೆನಾ ತೆಗೆದು 50 ಓಮ್ ಡಮ್ಮಿ ಲೋಡ್ (ತರಂಗ ಹೊರಬಿಡದೆ ಶಕ್ತಿಯನ್ನು ನುಂಗುವ ರೆಸಿಸ್ಟರ್) ಹಾಕಿ ಪಿಟಿಟಿ ಒತ್ತಿದರೆ ಸೈರನ್ ಸುಮ್ಮನಿದೆ. ಆಂಟೆನಾ ಮತ್ತೆ ಹಾಕಿದರೆ ಕಿರುಚುತ್ತದೆ. ಅಂದರೆ ಮೊದಲನೇ ದೂರಿಗೆ ಕಾರಣ ಆಂಟೆನಾದಿಂದ ಹೊರಡುವ ರೇಡಿಯೋ ತರಂಗ, ಅಂದರೆ ಆರ್‌ಎಫ್. ಡಮ್ಮಿ ಲೋಡಿನಲ್ಲೂ ಕಿರುಚಿದ್ದರೆ ಸಪ್ಲೈ ಅಥವಾ ಅರ್ಥ್ ನೋಡಬೇಕಿತ್ತು. ಈ ಒಂದು ಪರೀಕ್ಷೆ ಮಾಡದೆ ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳುವುದು ದಂಡ.

ನ್ಯಾನೊದಿಂದ ರಿಲೇ ಬೋರ್ಡಿಗೆ ಹೋಗುವ ವೈರ್ ಅಳೆದರೆ ಸುಮಾರು 50 ಸೆಂ.ಮೀ. 150 ಮೆಗಾಹರ್ಟ್ಸ್‌ಗೆ ಅದು ಸರಿಯಾಗಿ ಕಾಲು ತರಂಗ, ಬೇಕೆಂದೇ ಮಾಡಿಟ್ಟ ಆಂಟೆನಾದಂತೆ! ರಿಲೇ ಎಳೆಯುವ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ಜಂಕ್ಷನ್ ಆ ಆರ್‌ಎಫ್ ಅನ್ನು ಡಿಸಿ ಮಾಡಿಕೊಂಡು ರಿಲೇ ಎಳೆಯುತ್ತಿತ್ತು.

ಎರಡನೇ ದಿನ

ವೈರನ್ನು 12 ಸೆಂ.ಮೀ.ಗೆ ಕತ್ತರಿಸಿ, ಫೆರೈಟ್ ರಿಂಗಿನಲ್ಲಿ 4 ಸುತ್ತು ಹಾಕಿ, ಬೇಸ್‌ನಿಂದ ಗ್ರೌಂಡಿಗೆ 102 ಸೆರಾಮಿಕ್ ಡಿಸ್ಕ್ ಕೆಪಾಸಿಟರ್ (1 ನ್ಯಾನೊಫ್ಯಾರಡ್), ಜೊತೆಗೆ 10 ಕೆ ರೆಸಿಸ್ಟರ್. ಕೈಗೆ ಸಿಕ್ಕಿತೆಂದು 104 (100 ನ್ಯಾನೊಫ್ಯಾರಡ್) ಹಾಕಬೇಡಿ: 150 ಮೆಗಾಹರ್ಟ್ಸ್‌ನಲ್ಲಿ ಅದು ಕೆಪಾಸಿಟರಿನಂತೆ ನಡೆಯುವುದಿಲ್ಲ, ಕಾಲುಗಳ ಇಂಡಕ್ಟೆನ್ಸೇ ಮೇಲುಗೈ. 102 ಆದರೂ ಕಾಲು ಗಿಡ್ಡವಾಗಿರಬೇಕು. 10 ಕೆ ಇಲ್ಲದಿದ್ದರೆ ನ್ಯಾನೊ ಬೂಟ್ ಆಗುವವರೆಗೆ ಬೇಸ್ ತೇಲುತ್ತಿರುತ್ತದೆ.

ಬೋರ್ಡಿನಲ್ಲಿ ಇನ್ನೊಂದು ತಪ್ಪಿತ್ತು. ಬಿಸಿ547 ಎಂಬ ಸಣ್ಣ ಟ್ರಾನ್ಸಿಸ್ಟರಿನ ಮೇಲೆ 30 ಆಂಪ್ ಆಟೋ ರಿಲೇ. ಕಾಯಿಲ್ 85 ಓಮ್, 13.8 ವೋಲ್ಟಿಗೆ 162 ಮಿಲಿಆಂಪ್. ಬಿಸಿ547 ತಾಳುವುದು 100. ಸೈರನ್ನಿನ ಕಂಟ್ರೋಲ್ ವೈರಿಗೆ ಬೇಕಾಗಿದ್ದು ಕೆಲವೇ ಮಿಲಿಆಂಪ್, ಅಷ್ಟಕ್ಕೆ ಅಷ್ಟು ದೊಡ್ಡ ರಿಲೇ ಏಕೋ. 400 ಓಮ್ ಕಾಯಿಲಿನ ಪುಟ್ಟ ಶುಗರ್ ಕ್ಯೂಬ್ ರಿಲೇ ಹಾಕಿದ ಮೇಲೆ ಎಳೆಯುವುದು 34 ಮಿಲಿಆಂಪ್. ಕಾಯಿಲಿಗೆ ಅಡ್ಡವಾಗಿ 1ಎನ್4007 ಡಯೋಡ್, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ.

ಮೂರನೇ ದಿನ

ಸೈರನ್ ನಿಲ್ಲದ ದೂರು. ಎಂಜಿನ್ ಆಫ್, ಬ್ಯಾಟರಿ 12.3 ವೋಲ್ಟ್. ಸೈರನ್ 10 ಆಂಪ್ ಎಳೆದೊಡನೆ ಸೆಟ್ಟಿನ ತುದಿಯಲ್ಲಿ 10.1. ಸೆಟ್ ಆಫ್ ಆಗಿ ಆನ್ ಆಗುತ್ತದೆ. ನಿಲ್ಲಿಸುವ ಅಂಕಿಯನ್ನು ಕೇಳಿಸಿಕೊಳ್ಳುವವರೇ ಇಲ್ಲ. ಸೈರನ್ ಓಡುತ್ತಿರುವಾಗಲೇ ತುಂಡು ತುಂಡಾಗಿ ಅಳೆದರೆ, 1 ಚದರ ಮಿ.ಮೀ. ವೈರ್ 5 ಮೀಟರಿಗೆ 0.9 ವೋಲ್ಟ್ ತಿಂದಿದೆ, ಬಾಡಿ ಅರ್ಥ್ ಬೋಲ್ಟ್ 0.9, ಫ್ಯೂಸ್ ಹೋಲ್ಡರ್ 0.4. ಬೋಲ್ಟನ್ನು ಪೇಂಟಿನ ಮೇಲೆಯೇ ಬಿಗಿದಿದ್ದರು.

ಸೈರನ್‌ಗೆ ಬ್ಯಾಟರಿಯಿಂದ ನೇರ 4 ಚದರ ಮಿ.ಮೀ. ವೈರ್, ಬ್ಯಾಟರಿಯ ಪಕ್ಕದಲ್ಲೇ 15 ಆಂಪ್ ಫ್ಯೂಸ್. ಸೆಟ್ಟಿಗೆ ಪ್ರತ್ಯೇಕ 2.5 ಚದರ ಮಿ.ಮೀ. ವೈರ್, 10 ಆಂಪ್ ಫ್ಯೂಸ್. ಎರಡಕ್ಕೂ ಮೈನಸ್ ಕೂಡ ಬ್ಯಾಟರಿಯಿಂದಲೇ. ಈಗ ಸೈರನ್ ಓಡುವಾಗ ಸೆಟ್ಟಿನ ತುದಿಯಲ್ಲಿ 12.1. ಆಂಪ್ಲಿಫೈಯರಿನ ಹೀಟ್ ಸಿಂಕ್ ತುಂಬಾ ಹತ್ತಿಯ ಎಳೆ ಮೆತ್ತಿಕೊಂಡಿತ್ತು, ಬ್ರಷ್ ಹಾಕಿ ತೆಗೆದದ್ದಾಯಿತು.

ನಾಲ್ಕನೇ ದಿನ

ಡಿಟಿಎಂಎಫ್ ಆಡಿಯೋವನ್ನು ಸ್ಪೀಕರ್ ವೈರಿನಿಂದ ತೆಗೆದಿದ್ದರು, ಹಾಗಾಗಿ ವಾಲ್ಯೂಮ್ ತಗ್ಗಿಸಿದರೆ ಸೈರನ್ ಕಿವುಡು. ಈಗ ಹಿಂಬದಿಯ ಆಕ್ಸೆಸರಿ ಕನೆಕ್ಟರಿನ, ವಾಲ್ಯೂಮಿಗೆ ಬಗ್ಗದ ಆಡಿಯೋ ಪಿನ್ನಿನಿಂದ ತೆಗೆದಿದೆ. ಸ್ಪೀಕರ್ ವೈರಿನ ಒಂದು ತುದಿಯನ್ನು ಬಾಡಿಗೆ ಮುಟ್ಟಿಸಲೇಬೇಡಿ: ಬಹಳಷ್ಟು ಮೊಬೈಲ್ ಸೆಟ್ಟುಗಳಲ್ಲಿ ಎರಡೂ ತುದಿ ಲೈವ್, ಆಡಿಯೋ ಐಸಿ ಸುಟ್ಟುಹೋಗುತ್ತದೆ.

ಬಾಕಿ: ಮಾತಿನ ಸ್ವರವನ್ನೇ ಎಂಟಿ8870 ಒಮ್ಮೊಮ್ಮೆ ಅಂಕಿ ಎಂದು ತಿಳಿಯುತ್ತದೆ. ಒಂದೇ ಅಂಕಿಯ ಬದಲು 2 ಸೆಕೆಂಡಿನೊಳಗೆ 3 ಅಂಕಿ ಬಂದರೆ ಮಾತ್ರ ರಿಲೇ ಎಳೆಯುವಂತೆ, 60 ಸೆಕೆಂಡಿಗೆ ತಾನೇ ಬಿಡುವಂತೆ ಪ್ರೋಗ್ರಾಂ ಬದಲಿಸಬೇಕು.