ಕಡಲಿನಿಂದ ಬಂದ ಕಾಗದಗಳು

ಸೋದರಮಾವ 1971ರ ಯುದ್ಧದ ಹೊತ್ತಿಗೆ ನೌಕಾಪಡೆಯಲ್ಲಿ ಸಣ್ಣ ವಯಸ್ಸಿನ ಅಧಿಕಾರಿ. ಆಗ ಕಾಸರಗೋಡಿನ ಬದಿಯಡ್ಕದ ಮನೆಗೆ ಬರೆದ ಇನ್‌ಲ್ಯಾಂಡ್ ಕಾಗದಗಳನ್ನು ಓದುತ್ತಿದ್ದೇನೆ. ವಿಳಾಸದಲ್ಲಿ ಕಣ್ಣಾನೂರು ಜಿಲ್ಲೆ ಅಂತಿದೆ, ಕಾಸರಗೋಡು ಬೇರೆ ಜಿಲ್ಲೆ ಆಗಿದ್ದು 1984ರಲ್ಲಿ ಅಲ್ವಾ. ಹಡಗು ಎಲ್ಲಿದೆ, ಎಲ್ಲಿಗೆ ಹೊರಟಿದೆ ಅಂತ ಒಂದಕ್ಷರವೂ ಇಲ್ಲ. ಬರೆಯುವ ಹಾಗೂ ಇರಲಿಲ್ಲ. ಅಡಿಕೆ ಅಂಗಳದಲ್ಲಿ ಹರವಿದಿರಾ, ಕೊಯ್ಲಿಗೆ ಜನ ಸಿಕ್ಕಿದರಾ, ತಂಗಿಯ ಪರೀಕ್ಷೆ ಯಾವಾಗ, ಅಮ್ಮನ ಮಂಡಿನೋವು ಹೇಗಿದೆ, ಪುಟದ ತುಂಬ ಇದೇ.

ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರದ ಕಡಲಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಮಗನದ್ದು ಬೇರೆ ಹಡಗು ಅಂತ ಗೊತ್ತಿದ್ದರೂ ಅದು ಎಲ್ಲಿದೆ ಅಂತ ಗೊತ್ತಿರಲಿಲ್ಲ ನೋಡಿ, ಮುಂದಿನ ಕಾಗದ ಬರುವವರೆಗೆ ಅಜ್ಜಿ ಸರಿಯಾಗಿ ಊಟವೇ ಮಾಡಲಿಲ್ಲವಂತೆ.

ಆ ಕಾಗದದಲ್ಲೂ ಖುಕ್ರಿಯ ಹೆಸರಿಲ್ಲ. ಚೆನ್ನಾಗಿದ್ದೇನೆ ಅಂತ ಮಾತ್ರ ಎರಡೆರಡು ಸಲ ಬರೆದಿದ್ದಾರೆ. ಆ ವಯಸ್ಸಿಗೆ ಹೆದರಿಕೆ ಆಗದೆ ಇರುತ್ತದಾ? ಅದನ್ನು ಮನೆಯವರಿಗೆ ಹೊರಿಸಲಿಲ್ಲ, ಅಷ್ಟೇ ಅನ್ನಿಸುತ್ತದೆ ನನಗೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕಾಗದ ಇದ್ದರೆ, ಗೆದ್ದಲು ಹಿಡಿಯುವ ಮೊದಲು ಫೋಟೋ ತೆಗೆದಿಡಿ, ದಯವಿಟ್ಟು.